ಬೆಲ್ಗಾಳನ್ನು ಒರೆಸಿದ್ದು ಯಾರು?

ಧಡಾರ್!

ನೆಲಮಾಳಿಗೆಯ ಬಾಗಿಲು ಮೇಲಿನಿಂದ ಬಿದ್ದ ರಭಸಕ್ಕೆ, ತೊಲೆಗಳಲ್ಲಿ ಒಣಗಲು ತೂಗುಹಾಕಿದ್ದ ಸಲಾಮಿಗಳೆಲ್ಲ ಒಟ್ಟಿಗೆ ಉಯ್ಯಾಲೆಯಾಡಿದವು. ಅವುಗಳಲ್ಲೊಂದು ಕೊಮಿಸಾರಿಯಾ ಎದೆಲ್ಮಿರಾ ಬರ್ರಿಯೋಸಳ ಕೆನ್ನೆಗೆ ಫಟ್ಟನೆ ಬಾರಿಸಿತು. ಅವಳ ಪೊಲೀಸ್ ಬದುಕಿನಲ್ಲಿ ದನಗಳ್ಳರು, ಕುಡುಕರು, ಒಮ್ಮೆ ಒಬ್ಬ ಪಾದ್ರಿ ಕೂಡ ಅವಳ ಮೇಲೆ ಕೈಯೆತ್ತಿದ್ದುಂಟು. ಹಂದಿ ಮಾಂಸದ ಕೈಯಿಂದ ಏಟು ತಿಂದದ್ದು ಇದೇ ಮೊದಲು.

ಮೇಲೆ ಅಗುಳಿ ಸರಿಯಿತು. ಅದರ ಬೆನ್ನಿಗೇ ಭಾರವಾದದ್ದೇನೋ ಗರಗರ ಉರುಳಿ ಬಂದು ಬಾಗಿಲ ಮೇಲೆ ಕೂತಿತು.

"ಗಾಳಿ ಇರ್ಬೇಕು," ಎಂದ ಎಲ್ವಿಯೊ ವೊತ್ತೇರೊ.

"ನಿಮ್ಮ ಹೊಲದ ಗಾಳಿ ಅಗುಳಿ ಹಾಕುತ್ತೆ, ಪೀಪಾಯಿ ಉರುಳಿಸುತ್ತೆ. ಹಾಲು ಕರೆಯೋದೂ ಕಲಿಸಿಬಿಡಿ, ಆಳು ಬೇಕಾಗಲ್ಲ."

ಆಳು ಎಂಬ ಮಾತು ಬಂದದ್ದೇ ಎಲ್ವಿಯೊ ಮುಖ ತಿರುಗಿಸಿದ. ಈ ಮನೆಯ ಆಳು ಬೆನಿಗ್ನೊ ಸೋಸಾ ಈಗ ಠಾಣೆಯ ಕೋಣೆಯಲ್ಲಿದ್ದ. ಎಲ್ವಿಯೊನ ಅಪ್ಪ ದೋನ್ ಸೆಕೊಂದೊ ಹೋದ ವಾರ ನೀಲಗಿರಿ ತೋಪಿನಲ್ಲಿ ಎದೆಗೆ ಚರೆ ತಿಂದು ಸತ್ತುಬಿದ್ದಿದ್ದರು. ಬೆನಿಗ್ನೊನ ಗುಡಿಸಲಲ್ಲಿದ್ದ ಒಂಟಿ ನಳಿಗೆಯ ಕೋವಿಯಲ್ಲಿ ಮದ್ದಿನ ಮಸಿ ಸಿಕ್ಕಿತ್ತು. ನರಿಗೆ ಹೊಡೆದೆ ಎಂದು ಅವನು ಹೇಳಿದರೆ ಕೇಳಿದವರು ನಕ್ಕರು. ನ್ಯಾಯಾಧೀಶರಿಗೆ ಊಟದ ಹೊತ್ತಾಗಿತ್ತು. ಅಷ್ಟು ಸಾಕ್ಷಿ ಸಾಕಾಯಿತು.

ಇವತ್ತು ಊರು ಮಧ್ಯಾಹ್ನದ ನಿದ್ದೆಯಿಂದ ಏಳುವ ಹೊತ್ತಿಗೆ ಜೈಲುಗಾಡಿ ಅವನನ್ನು ರಾಜಧಾನಿಗೆ ಒಯ್ಯುತ್ತದೆ. ಆ ಜೈಲಿಗೆ ಹೋದ ಬಡವನ ಕಡತವನ್ನು ಯಾರಾದರೂ ಬಿಚ್ಚಿ ನೋಡುವಷ್ಟರಲ್ಲಿ ಅವನ ಮೊಮ್ಮಕ್ಕಳ ಮದುವೆ ಮುಗಿದಿರುತ್ತದೆ.

ಅದಕ್ಕೆ ಮುಂಚೆ ಎದೆಲ್ಮಿರಾ ಇಲ್ಲಿಂದ ಹೊರಬೀಳಬೇಕು. ಬರಿಗೈಯಲ್ಲಿ ಅಲ್ಲ, ಸಾಕ್ಷಿಯೊಂದಿಗೆ.

ಎಲ್ವಿಯೊ ಏಣಿ ಹತ್ತಿ ಬಾಗಿಲಿಗೆ ಹೆಗಲು ಕೊಟ್ಟ. ಅವನು ಬಾಗಿಲಲ್ಲಿ ನಿಂತನೆಂದರೆ ಆ ಮನೆಗೆ ಅವತ್ತು ಸೂರ್ಯೋದಯವಿಲ್ಲ, ಅಂಥ ಆಳ್ತನ. ಕೆಸರಿನಲ್ಲಿ ಹೂತ ಎತ್ತನ್ನು ಬಾಲ ಹಿಡಿದು ಎಳೆದವನು. ಆದರೆ ಬಾಗಿಲು ಕೆಬ್ರಾಚೊ ಮರದ್ದು, ಕೊಡಲಿಯ ಬಾಯನ್ನೇ ಬೊಚ್ಚು ಮಾಡುವ ಮರ. ಅದು 'ಕಿರ್' ಅನ್ನಲೂ ಇಲ್ಲ. ಮುರಿದದ್ದು ಏಣಿಯ ಮೇಲಿನ ಮೆಟ್ಟಿಲು.

"ಕೂಗೋಣ," ಅಂದಳು ಎದೆಲ್ಮಿರಾ.

"ಈಗಲಾ? ಎಲ್ರದ್ದೂ ಊಟ ಆಗಿದೆ ಕೊಮಿಸಾರಿಯಾ."

ಅವನು ಹೇಳಿದ್ದು ಸರಿಯೇ. ಡಿಸೆಂಬರಿನ ಕಡುಬೇಸಿಗೆಯ ಮಧ್ಯಾಹ್ನ ಕೊಲೋನಿಯಾ ಸಾನ್ ಎವಾರಿಸ್ತೊ ಊರು ಮಲಗಿತೆಂದರೆ ಮಲಗಿತು. ಆ ಹೊತ್ತಿನಲ್ಲಿ ಚರ್ಚಿಗೆ ಬೆಂಕಿ ಬಿದ್ದರೆ ಒಳಗಿರುವ ಸಂತರೇ ಪೀಠದಿಂದಿಳಿದು ಬಾವಿಗೆ ಹೋಗಬೇಕು. ಹೊರಗೆ ಬಿಸಿಲಿಗೆ ಕೋಳಿಗಳು ಬೆಂದ ಮೊಟ್ಟೆಯಿಡುತ್ತಿದ್ದವು. ಒಳಗೆ ಮಾತ್ರ ಗೋರಿಯ ತಂಪು, ಬೆಳ್ಳುಳ್ಳಿ ಮತ್ತು ಬೂಷ್ಟಿನ ವಾಸನೆ. ಬೆಳಕು ಬರುತ್ತಿದ್ದದ್ದು ಗೋಡೆಯ ಮೇಲಂಚಿನಲ್ಲಿ, ಅಂಗಳದ ಮಣ್ಣಿನ ಸಮಕ್ಕೆ ಇದ್ದ ಒಂದೇ ಒಂದು ಗವಾಕ್ಷಿಯಿಂದ. ಕಬ್ಬಿಣದ ಸರಳು ಬೇರೆ. ಬೆಕ್ಕು ಕೂಡ ಹೊಟ್ಟೆ ಒಳಗೆಳೆದುಕೊಂಡೇ ನುಸುಳಬೇಕು.

ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ. ಪಿಸ್ತೂಲು? ಅದು ಮೇಲೆ, ಬಾಗಿಲ ಪಕ್ಕದ ಗೂಟದಲ್ಲಿ. ಹೊರಗಿನವರು ಆಯುಧ ತೂಗುಹಾಕಿಯೇ ಒಳಬರಬೇಕೆಂಬುದು ವೊತ್ತೇರೊ ಮನೆಯ ಕಟ್ಟಳೆ. ಬಿಷಪ್ಪರು ಬಂದಾಗ ಅವರ ಬೆತ್ತವನ್ನೂ ತೂಗುಹಾಕಿಸಿದ್ದರಂತೆ.

"ಮನೇಲಿ ಯಾರ್ಯಾರಿದ್ದಾರೆ?"

"ಅಮ್ಮ ಒಬ್ರೇ. ಮಲಗಿದ್ದಾರೆ."

"ಎಂಬತ್ತು ದಾಟಿದ ಹೆಂಗಸು ಪೀಪಾಯಿ ಉರುಳಿಸ್ತಾರಾ?"

ಎಲ್ವಿಯೊನ ಬಲಗೈ ಅಂಗಿಯ ಜೇಬಿನ ಮೇಲೆ ಹೋಗಿ ಕೂತಿತು. ಬೆಳಗಿನಿಂದ ಅದು ಎಷ್ಟೋ ಸಲ ಅಲ್ಲಿಗೆ ಹೋಗಿ ಬಂದಿತ್ತು. ಎದೆನೋವಿರಬೇಕು ಎಂದು ಮೊದಲು ಎದೆಲ್ಮಿರಾ ಅಂದುಕೊಂಡಿದ್ದಳು. ಈಗ ಹಾಗೆ ಅನ್ನಿಸಲಿಲ್ಲ.

ಇವನೊಂದಿಗೆ ಒಂದೇ ಗುಂಡಿಯಲ್ಲಿ ಸಿಕ್ಕಿಬಿದ್ದಿದ್ದೇನೆ. ಕೊಂದವನು ಇವನೇ ಆಗಿದ್ದರೆ ನನ್ನ ಹೆಣವನ್ನು ಈ ಸಲಾಮಿಗಳ ಸಾಲಿನಲ್ಲಿ ತೂಗುಹಾಕಿದರೂ ಕ್ರಿಸ್‌ಮಸ್‌ವರೆಗೆ ಯಾರಿಗೂ ತಿಳಿಯುವುದಿಲ್ಲ.

ಹಾಗೆ ಯೋಚಿಸಿದವಳೇ ಅವಳು ಬಂದ ಕೆಲಸಕ್ಕೆ ಕೈಹಾಕಿದಳು. ಹೆದರಿಕೆಯಾದಾಗ ಎದೆಲ್ಮಿರಾ ಮಾಡುತ್ತಿದ್ದದ್ದು ಅದೊಂದೇ.

"ಎಲ್ವಿಯೊ, ಬೇಟೆ ಕಾಲ ಮುಗಿದ್ಮೇಲೆ ಬೆಲ್ಗಾಗೆ ಏನ್ಮಾಡ್ತೀರಿ?"

ಬೆಲ್ಗಾ ಎಂದರೆ ಕೋವಿ. ಎಲ್ವಿಯೊನ ಮುತ್ತಜ್ಜ ಹಡಗಿನಲ್ಲಿ ತಂದ ಬೆಲ್ಜಿಯಂ ದೇಶದ ಜೋಡಿ ನಳಿಗೆ. ಆದರೆ ವೊತ್ತೇರೊಗಳ ಮುಂದೆ ಅದನ್ನು ಕೋವಿ ಅಂದವರು ಇವತ್ತಿನವರೆಗೆ ಇನ್ನೊಂದು ಲೋಟ ವೈನ್ ಕಂಡಿಲ್ಲ. ಅವರ ಪಾಲಿಗೆ ಅವಳು ಮನೆಯ ಹಿರಿಯ ಹೆಂಗಸು. ಮಿಡತೆಗಳು ಬಂದು ಬೇಲಿಯ ತಂತಿಯನ್ನೂ ಬಿಡದೆ ತಿಂದ ವರ್ಷ ಆ ಮುತ್ತಜ್ಜ ಹಸು ಕೊಟ್ಟ, ನೇಗಿಲು ಕೊಟ್ಟ, ಹೆಂಡತಿಯ ಮದುವೆ ಮಂಚ ಕೊಟ್ಟ; ಬೆಲ್ಗಾಳನ್ನು ಕೊಡಲಿಲ್ಲ. ಅಪ್ಪ ಮಗನಿಗೆ ಅವಳನ್ನು ಒಪ್ಪಿಸುವಾಗ ನಳಿಗೆಯ ಬಾಯನ್ನು ತನ್ನ ಎದೆಗೆ ತಿರುಗಿಸಿಕೊಂಡು ಹಿಡಿಯನ್ನು ಮಗನ ಕಡೆ ಚಾಚಬೇಕು. ಹಿಡಿ ಕೊಟ್ಟರೆ ವಂಶ ಕೊಟ್ಟಂತೆ. ಬಾಯಿ ತೋರಿಸಿದರೆ ಮನೆಯಿಂದ ಆಚೆ ಹಾಕಿದಂತೆ. ಹಾಗೆ ಬಾಯಿ ಕಂಡ ಒಬ್ಬ ಚಿಕ್ಕಪ್ಪನ ಸಂತಾನ ಈಗಲೂ ನದಿಯ ಆಚೆ ದಡದಲ್ಲಿದೆ. ಈ ದಡದ ಮೀನನ್ನೂ ತಿನ್ನುವುದಿಲ್ಲ.

"ಮಲಗಿಸ್ತೀವಿ," ಎಂದ ಎಲ್ವಿಯೊ. "ನ್ಯಾಂದು ಹಕ್ಕಿ ಕೊಬ್ಬು ಕರಗಿಸಿ ಎರಡೂ ನಳಿಗೆಗೆ ಹುಯ್ಯೋದು. ಗಟ್ಟಿಯಾದ್ಮೇಲೆ ಕೊಕ್ಕೆಗೆ. ತುಕ್ಕು ಹಿಡಿಯಲ್ಲ, ಕಣಜ ಗೂಡು ಕಟ್ಟಲ್ಲ. ಮೇ ತಿಂಗಳವರೆಗೂ ಯಾರೂ ಮುಟ್ಟಂಗಿಲ್ಲ."

"ಈಗ ಡಿಸೆಂಬರ್."

ಎದೆಲ್ಮಿರಾ ಅಲ್ಲಿಗೇ ಬಿಡಲಿಲ್ಲ.

"ನಿಮ್ಮಪ್ಪನ್ನ ಮಣ್ಣು ಮಾಡಿದ ದಿನ ನಾನು ಅವಳನ್ನ ನೋಡಿದೆ. ಒಂದು ಬಾಯಲ್ಲಿ ಕಣ್ಣಿಟ್ರೆ ಆ ಕಡೆ ಕಿಟಕಿ ಕಾಣಿಸ್ತಿತ್ತು. ಕೊಬ್ಬು ಎಲ್ಲಿ ಹೋಯ್ತು?"

ಕಂಡಾಗಲೂ ಅದು ಅವಳಿಗೆ ತಟ್ಟಿರಲಿಲ್ಲ. ತಟ್ಟಿಸಿದ್ದು ಬೆನಿಗ್ನೊ. ನಿನ್ನೆ ಕಂಬಿಯ ಹಿಂದೆ ಕೂತಿದ್ದ ಆ ನಲವತ್ತರ ಗಂಡಸು ವಕೀಲನನ್ನು ಕೇಳಲಿಲ್ಲ, ನೀರು ಕೇಳಲಿಲ್ಲ. 'ಬೆಲ್ಗಾನ ಯಾರಾದ್ರೂ ಒರೆಸಿದ್ರಾ?' ಎಂದು ಕೇಳಿದ. ನಿನಗ್ಯಾಕೋ ಅದು ಎಂದರೆ ಬಾಯಿ ಹೊಲಿದುಕೊಂಡ.

ಎದೆಲ್ಮಿರಾ ಮೂಲೆಯಲ್ಲಿದ್ದ ಮಣ್ಣಿನ ಗಡಿಗೆಯೊಳಗೆ ಮೊಣಕೈವರೆಗೆ ಕೈಯಿಳಿಸಿದಳು. ಹಳದಿ ಕೊಬ್ಬಿನಿಂದ ಒಂದು ಉದ್ದನೆಯ ಕಡ್ಡಿ ಬಂತು. ಆಮೇಲೆ ಇನ್ನೊಂದು. ಎರಡೂ ಹೆಬ್ಬೆರಳ ದಪ್ಪ, ದುಂಡಗೆ, ನುಣ್ಣಗೆ, ನಳಿಗೆಯ ಅಚ್ಚಿನಲ್ಲಿ ಎರಕ ಹೊಯ್ದಂತೆ. ಮುರಿಯದೆ, ಜೋಪಾನವಾಗಿ ಒಳಗಿಟ್ಟಿದ್ದರು.

"ಬೇರೆ ಯಾವ ಮನೆ ಕೊಲೆಗಾರನಾದ್ರೂ ಇದನ್ನ ನಾಯಿಗೆ ಬಿಸಾಡ್ತಿದ್ದ. ಒಳ್ಳೇ ಕೊಬ್ಬು ಹಾಳಾಗಬಾರದು ಅಂತ ಗಡಿಗೆಗೆ ವಾಪಸ್ ಹಾಕೋರು ನೀವೇ. ಕೋವಿ ಹೊರಗಿನವರು ಎತ್ತಿಲ್ಲ ಎಲ್ವಿಯೊ. ಈ ಮನೆ ಪೊಲೆಂತಾ ತಿಂದು ಬೆಳೆದ ಕೈ ಅದು. ಹೊಡೆದಾದ್ಮೇಲೆ ಒರೆಸಿದ್ದೂ ಅಂಥದ್ದೇ ಕೈ."

ವೊತ್ತೇರೊಗಳು ಹಲ್ಲು ಚುಚ್ಚಿದ ಕಡ್ಡಿಯನ್ನೂ ಒಲೆಗೆಂದು ಎತ್ತಿಡುವ ಜನ. ಎಲ್ವಿಯೊ ಆ ಎರಡು ಕೊಬ್ಬಿನ ಕಡ್ಡಿಗಳನ್ನು ನೋಡಿದ. ಆಮೇಲೆ ಅಷ್ಟು ದೊಡ್ಡ ದೇಹ ಮೂಟೆ ಇಳಿಸಿದಂತೆ ನೆಲಕ್ಕೆ ಕುಸಿಯಿತು.

"ಒರೆಸಿದ್ದು ನಾನು. ಕೊಂದಿದ್ದು ನಾನಲ್ಲ."

"ಮುಂದೆ ಹೇಳಿ."

"ಅಪ್ಪ ಸತ್ತ ಮಾರನೇ ಬೆಳಿಗ್ಗೆ. ಪಡಸಾಲೇಲಿ ಅವರ ಪೆಟ್ಟಿಗೆ, ಸುತ್ತ ಮೇಣದಬತ್ತಿ. ತಲೆ ಎತ್ತಿ ನೋಡ್ತೀನಿ, ಇವಳು ಕೊಕ್ಕೇಲಿ ನೇತಾಡ್ತಿದ್ದಾಳೆ, ಬಾಯೆಲ್ಲ ಮಸಿ! ನಮ್ಮನೇಲಿ ಊಟ ಬಿಟ್ಟು ಮಲಗಿದೋರಿದ್ದಾರೆ, ಬೆಲ್ಗಾನ ಒರೆಸದೆ ಮಲಗಿದೋರಿಲ್ಲ. ನಿಮ್ಮನ್ನ ಕರೀಬೇಕಿತ್ತು. ಗೊತ್ತು. ಆದ್ರೆ ಕೈ ಕೇಳಲಿಲ್ಲ ಕೊಮಿಸಾರಿಯಾ."

"ಸಾಕ್ಷಿ ಒರೆಸಿ ಹಾಕಿದ್ರಿ."

"ಬೆಲ್ಗಾನ ಒರೆಸಿದೆ."

ಎದೆಲ್ಮಿರಾಳಿಗೆ ಬೈಯಬೇಕೆನಿಸಿತು, ಬೈಗುಳ ಬರಲಿಲ್ಲ. ಅವಳ ಮನೆಯಲ್ಲೂ ಅಪ್ಪನ ಕೋವಿಯೊಂದಿದೆ. ಅದರ ಕುದುರೆ ಕೀಲು ಮುರಿದು, ಹಿಡಿಗೆ ಹುಳ ಬಿದ್ದು, ಈಗ ಅದರಿಂದ ನೊಣವನ್ನೂ ಹೆದರಿಸಲಾಗದು. ಆದರೂ ಪ್ರತಿ ಭಾನುವಾರ ಚರ್ಚಿಗೆ ಹೋಗುವ ಬದಲು ಅದನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುತ್ತಾಳೆ. ಅಪ್ಪನ ಅಂಗೈ ಸವೆಸಿದ ಜಾಗದಲ್ಲಿ ಅವಳ ಅಂಗೈ ಸರಿಯಾಗಿ ಕೂರುತ್ತದೆ. ಜಗತ್ತಿನಲ್ಲಿ ಅವಳ ಅಳತೆಗೆ ಮಾಡಿಸಿದಂತಿರುವ ವಸ್ತು ಅದೊಂದೇ.

"ನೀವು ನೋಡಿದಾಗ ನಳಿಗೆ ಒಳಗೆ..." ಎಂದು ಅವಳು ಶುರುಮಾಡಿದಳು.

ಗವಾಕ್ಷಿಯ ಬೆಳಕು ಆರಿತು.

ಸರಳುಗಳ ಆಚೆ ಎರಡು ರಬ್ಬರ್ ಬೂಟುಗಳು ಬಂದು ನಿಂತಿದ್ದವು. ಗಂಡಸಿನ ಬೂಟು. ಒಳಗಿದ್ದ ಕಾಲುಗಳು ಮಾತ್ರ ಗುಬ್ಬಚ್ಚಿಯವು.

"ಅಪ್ಪನ ಬೂಟು," ಎಂದು ಉಸುರಿದ ಎಲ್ವಿಯೊ.

"ಲೋ ಎಲ್ವಿಯೊ," ಎಂದಿತು ಮೇಲಿನಿಂದ ಒಂದು ಸಣ್ಣ ದನಿ, "ಊಟ ಸರಿಯಾಗಿ ಮಾಡಿದ್ಯೇನೋ?"

"ಅಮ್ಮಾ! ಬಾಗಿಲು ತೆಗಿ!"

"ತೆಗೀತೀನಿ. ಸಾಯಂಕಾಲ. ಹಸಿವಾದ್ರೆ ಗೋಡೆ ಪಕ್ಕದ ಸಾಲಿಂದ ಒಂದು ಸಲಾಮಿ ಕುಯ್ಕೊ. ಈಚೆ ಸಾಲು ಮುಟ್ಬೇಡ, ಇನ್ನೂ ಹಸಿ. ಆ ಹುಡುಗೀಗೂ ಕೊಡು. ಪೊಲೀಸ್ನೋರಾದ್ರೇನು, ಹೊಟ್ಟೆ ಹೊಟ್ಟೇನೇ."

ಐವತ್ತು ತುಂಬಿದ ಆ ಹುಡುಗಿ ಉಪ್ಪಿನ ಪೀಪಾಯಿಯ ಮೇಲೆ ಹತ್ತಿ ಗವಾಕ್ಷಿಗೆ ಮುಖ ಕೊಟ್ಟಳು. "ದೋನ್ಯಾ ತೆರೆಸಿನಾ, ಪೊಲೀಸರನ್ನ ಕೂಡಿಹಾಕಿದ್ರೆ ಜೈಲಾಗುತ್ತೆ!"

"ಅಲ್ಲಿ ಅವರೇ ಬೇಯಿಸಿ ಹಾಕ್ತಾರಂತಲ್ಲ ಮಗಳೇ? ಅರವತ್ತು ವರ್ಷದಿಂದ ಒಲೆ ಮುಂದೆ ನಿಂತಿದೀನಿ. ಬರ್ತೀನಿ ಬಿಡು."

ಮುದುಕಿಯ ಕಂಕುಳಲ್ಲಿ ಉದ್ದನೆಯ ಗಂಟೊಂದಿತ್ತು. ಕ್ರಿಸ್‌ಮಸ್ ದಿನ ಮಾತ್ರ ಹೊರಬರುವ ಕಸೂತಿಯ ಮೇಜುಬಟ್ಟೆಯಲ್ಲಿ ಸುತ್ತಿದ್ದಳು. ಎಲ್ವಿಯೊ ಪೀಪಾಯಿಯ ಇನ್ನೊಂದು ಅಂಚಿಗೆ ಹತ್ತಿ ಅದನ್ನು ಕಂಡವನೇ ಸರಳು ಹಿಡಿದುಕೊಂಡ.

"ಅಮ್ಮಾ... ಅದ್ರಲ್ಲೇನಿದೆ?"

"ನನ್ನ ಸವತಿ."

"ಎಲ್ಲಿಗೆ ಕರ್ಕೊಂಡು ಹೋಗ್ತಿದೀಯ ಅವಳನ್ನ?"

"ಊರ ನಡುವಿನ ಪ್ಲಾಸಾದಲ್ಲಿ ಸರ್ಕಾರದ ಗಾಡಿ ಬಂದಿದ್ಯಂತೆ. ಬೇಡದ ಕೋವಿ ಕೊಡ್ಬಹುದು. ಹೆಸರು ಕೇಳಲ್ಲ, ಯಾರದ್ದು ಅಂತ ಕೇಳಲ್ಲ. ಕಣ್ಣೆದುರಿಗೇ ಯಂತ್ರಕ್ಕಿಟ್ಟು ಚಪಾತಿ ಮಾಡ್ತಾರಂತೆ. ನಿಮ್ಮಪ್ಪಂಗೂ ಅದೇ ಆಸೆ ಇತ್ತಲ್ಲ. ನಾಲ್ಕು ಮಕ್ಕಳಿಗೆ ಒಂದು ಕೋವಿ, ನಾಲ್ಕು ಪಾಲು ಮಾಡೋಕಾಗಲ್ಲ, ನೂರು ಪಾಲು ಮಾಡಿಸ್ತೀನಿ ಅಂತಿದ್ರಲ್ಲ, ನೀವು ಕಚ್ಚಾಡೋದು ನೋಡಿ ನೋಡಿ."

ನಾಲ್ಕು?

ಎದೆಲ್ಮಿರಾಳ ಕಿವಿ ನಿಮಿರಿತು. ವೊತ್ತೇರೊ ಮಕ್ಕಳು ಮೂವರು. ಎಲ್ವಿಯೊ, ತಂಗಿ ಓಲ್ಗಾ, ತಮ್ಮ ರೆನ್ಸೊ. ಬೆಲ್ಗಾ ಯಾರಿಗೆ ಎಂಬ ಜಗಳದಲ್ಲಿ ಮೂವರೂ ಮಾತು ಬಿಟ್ಟು ಎರಡು ವರ್ಷವಾಗಿದೆ. ಇದು ಊರಿನ ನಾಯಿಗಳಿಗೂ ಗೊತ್ತು.

ಎಲ್ವಿಯೊಗೆ ಲೆಕ್ಕದ ಕಡೆ ಗಮನವಿರಲಿಲ್ಲ. ಐವತ್ತೈದರ ಗಂಡಸು ಸರಳಿಗೆ ಹಣೆ ಒತ್ತಿ ಅಳುತ್ತಿದ್ದ.

"ಬೇಡಮ್ಮ. ನನ್ನ ಬೇಕಾದ್ರೆ ಇಡು ಆ ಯಂತ್ರಕ್ಕೆ. ಅಜ್ಜ ನನ್ನ ಕೈ ಮೇಲೆ ಕೈಯಿಟ್ಟು ಮೊದಲ್ನೇ ಕೌಜುಗ ಹೊಡೆಸಿದ್ದು ಅದರಲ್ಲಿ. ಅಜ್ಜನ ಮುಖ ಮರೆತೋಗಿದೆ ಅಮ್ಮ. ಕೈ ನೆನಪಿದೆ. ಅವಳನ್ನ ಹಿಡಿದ್ರೆ ಮಾತ್ರ ನೆನಪಾಗುತ್ತೆ."

ಬೂಟುಗಳು ಒಂದು ಹೆಜ್ಜೆ ಹತ್ತಿರ ಬಂದವು. ದನಿ ಮೆತ್ತಗಾಯಿತು.

"ನಿನ್ನ ಉಳಿಸೋಕೇ ಕಣೋ ಹೋಗ್ತಿರೋದು. ತೋಪಲ್ಲಿ ನಿಮ್ಮಪ್ಪನ ಪಕ್ಕ ಇವಳು ಬಿದ್ದಿದ್ಲು. ಮೊದಲು ನೋಡಿದೋಳು ನಾನು. ನೀನೇ ಅವಸರದಲ್ಲಿ ಬಿಟ್ಟು ಓಡಿದ್ದೀಯ ಅಂದ್ಕೊಂಡೆ. ಎತ್ಕೊಂಡು ಬಂದು, ಕತ್ತಲಾಗೋದ್ರೊಳಗೆ ಒರೆಸಿ ಕೊಕ್ಕೆಗೆ ಹಾಕಿದೆ. ಆಮೇಲೆ ಕಿರುಚಿಕೊಂಡು ಜನ ಸೇರಿಸಿದೆ."

"ನಾನು ಕೊಂದಿಲ್ಲಮ್ಮ!"

"ತಾಯಿ ಹತ್ರ ಸುಳ್ಳು ಹೇಳ್ಬೇಡ."

"ದೋನ್ಯಾ ತೆರೆಸಿನಾ," ಎದೆಲ್ಮಿರಾ ನಡುವೆ ಬಾಯಿ ಹಾಕಿದಳು, "ನೀವು ಒರೆಸಿದ್ದು ಅವತ್ತು ಸಂಜೇನೇ ತಾನೇ? ಚೆನ್ನಾಗಿ ಒರೆಸಿದ್ರಾ?"

"ಈ ಮನೆಗೆ ಬಂದ ಮೊದಲ್ನೇ ವಾರ ಅತ್ತೆ ಕಲಿಸಿದ್ದು ಅದೊಂದೇ. ಗಂಡನ ಮುಖ ನೋಡೋದಕ್ಕೆ ಮುಂಚೆ ಇವಳ ಬಾಯಿ ತೊಳೆದೋಳು ನಾನು. ಕನ್ನಡಿ ಹಾಗಿತ್ತು!"

ಎಲ್ವಿಯೊ ಅಳು ನಿಲ್ಲಿಸಿದ.

"ಅಮ್ಮ. ಮಾರನೇ ಬೆಳಿಗ್ಗೆ ನಾನು ನೋಡಿದಾಗ ಮಸಿ ಇತ್ತು."

"ಸಾಧ್ಯಾನೇ ಇಲ್ಲ."

"ಅಪ್ಪನಾಣೆ. ಬಾಯಿಂದ ಬುಡದವರೆಗೂ ಮಸಿ. ನಾನೇ ಒರೆಸಿದೆ."

ತಾಯಿ ಮಗನಿಗಾಗಿ ಒರೆಸಿದ್ದಳು. ಮಗ ಮನೆಗಾಗಿ ಒರೆಸಿದ್ದ. ನಡುವಿನ ರಾತ್ರಿಯಲ್ಲಿ ಇನ್ಯಾರೋ ಬೆಲ್ಗಾಳನ್ನು ಕೊಕ್ಕೆಯಿಂದಿಳಿಸಿ, ಈಡು ಹೊಡೆದು, ಒರೆಸದೆ ವಾಪಸ್ ತೂಗುಹಾಕಿದ್ದ.

ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು.

"ಓ," ಎಂದಿತು ಕೊನೆಗೆ ಆ ಸಣ್ಣ ದನಿ. "ಅವನಾ."

"ಯಾರು? ದೋನ್ಯಾ ತೆರೆಸಿನಾ, ಯಾರವನು? ಆ ಕೋವಿ ಯಂತ್ರಕ್ಕೆ ಬಿದ್ರೆ ಒಬ್ಬ ನಿರಪರಾಧಿ ಒಳಗೇ ಕೊಳೀತಾನೆ! ನಿಮ್ಮ ಮಾತು, ಆ ಕೋವಿ, ಎರಡೂ ಬೇಕು ನಂಗೆ!"

ಬೂಟುಗಳು ತಿರುಗಿದವು. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರ್ ಕೆಮ್ಮಿತು, ಉಗುಳಿತು, ಹೊರಟಿತು. ಎರಡು ದಿಂಬಿನ ಮೇಲೆ ಕೂತರೂ ಸ್ಟಿಯರಿಂಗಿನ ಮೇಲೆ ಕಾಣುತ್ತಿದ್ದದ್ದು ಮುದುಕಿಯ ಬಿಳಿ ತುರುಬು ಮಾತ್ರ.

ಎದೆಲ್ಮಿರಾ ಪೀಪಾಯಿಯ ಮೇಲಿಂದಲೇ ಕೆಳಗೆ ನೋಡಿದಳು. ಎಲ್ವಿಯೊ ಇಳಿದು ನಿಂತಿದ್ದ. ಅವನ ಕೈ ಮತ್ತೆ ಜೇಬಿಗೆ ಹೋಗಿತ್ತು.

"ತೆಗೀರಿ ಅದನ್ನ," ಎಂದಳು.

"ಏನನ್ನ?"

"ಮಸಿ ಹಿಡಿದ ಕೋವಿ ಒರೆಸೋರು ಮೊದಲು ಮಡಚಿ ಬಿಚ್ತಾರೆ. ಬಿಚ್ಚಿದ್ರೆ ಖಾಲಿ ತೋಟಾ ಸಿಗುತ್ತೆ. ಈ ಮನೇಲಿ ಕೊಬ್ಬಿನ ಕಡ್ಡೀನೇ ಬಿಸಾಡಲ್ಲ, ಹಿತ್ತಾಳೆ ತೋಟಾ ಬಿಸಾಡ್ತೀರಾ? ತೆಗೀರಿ."

ಎಲ್ವಿಯೊ ಮೇಲಿನ ಬಾಗಿಲನ್ನು ನೋಡಿದ, ಗವಾಕ್ಷಿಯನ್ನು ನೋಡಿದ, ಗೋಡೆಗಳನ್ನು ನೋಡಿದ. ಓಡಲು ಯಾವ ಕಡೆಯೂ ದಾರಿಯಿರಲಿಲ್ಲ. ಜೇಬಿನಿಂದ ಕರವಸ್ತ್ರದ ಗಂಟು ಬಂತು, ಅದರೊಳಗಿಂದ ಹಳೆಯ ಹಿತ್ತಾಳೆ ತೋಟಾ.

"ನಮ್ಮಲ್ಲಿ ಮಗು ಹುಟ್ಟಿದ ದಿನ ಅಪ್ಪನಾದೋನು ಒಂದು ತೋಟಾ ತುಂಬ್ತಾನೆ," ಎಂದ ನೆಲ ನೋಡುತ್ತ. "ಮೊಳೇಲಿ ಮಗುವಿನ ಹೆಸರು ಗೀಚಿ ಎತ್ತಿಡ್ತಾನೆ. ಆ ಅಪ್ಪ ಸತ್ತ ರಾತ್ರಿ ಅವರವರ ತೋಟಾನ ಅವರವರೇ ಬೆಲ್ಗಾಲಿ ಆಕಾಶಕ್ಕೆ ಹೊಡೀಬೇಕು. ಅಪ್ಪಂಗೆ ದಾರಿ ಹೇಳೋಕೆ. ಈ ಸಲ ನಿಮ್ಮ ಪೊಲೀಸ್ ಗಲಾಟೇಲಿ, ನಮ್ಮ ಜಗಳದಲ್ಲಿ, ಮೂರು ಜನಾನೂ ಹೊಡೀಲಿಲ್ಲ."

ಎದೆಲ್ಮಿರಾ ತೋಟಾವನ್ನು ಬೆಳಕಿಗೆ ಹಿಡಿದಳು. ಗಾಳಿಗೆ ವಾಲಿದ ಬೇಲಿಗೂಟಗಳಂಥ ಅಕ್ಷರ. ದೋನ್ ಸೆಕೊಂದೊ ಅವರ ಕೈಬರಹವೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಊರಿನ ಅರ್ಧ ಬೇಲಿಗಳಿಗೆ ಅವರು ಹೆಸರು ಬರೆದಿದ್ದರು.

ಬೆನಿಗ್ನೊ.



"ಅಂದ್ರೆ ನಿಮ್ಮ ತಮ್ಮ," ಎಂದಳು ಎದೆಲ್ಮಿರಾ.

"ಆ ಮಾತು ಆಡ್ಬೇಡಿ."

"ನಾಲ್ಕನೇ ಮಗ. ತಾಯಿಗೂ ಗೊತ್ತು. ಮೂವತ್ತು ವರ್ಷ ನಿಮ್ಮ ಹಸು ಕರೆದಿದ್ದಾನೆ."

"ನಾನು ಇದನ್ನ ನೋಡಿ, ಅಪ್ಪನ್ನ ಕೊಂದಿದ್ದೂ ಇದೇ ತೋಟಾ ಅಂದ್ಕೊಂಡೆ! ಅವನೇ ಕೊಂದ ಅಂದ್ಕೊಂಡೆ. ತೋರಿಸಿದ್ರೆ ಹೆಸರು ಹೊರಗೆ ಬರ್ತಿತ್ತು. ಹೇಗೂ ಅವನ್ನ ಹಿಡಿದಿದ್ರಲ್ಲ, ಸುಮ್ಮನಾದೆ." ಅವನು ಗವಾಕ್ಷಿಯತ್ತ ತಿರುಗಿದ. "ಈಗ ಅಮ್ಮ ಹೇಳೋದು ನೋಡಿದ್ರೆ... ಅಪ್ಪ ಸತ್ತಾಗ ಇದು ಇನ್ನೂ ಹೊಡೆದೇ ಇರ್ಲಿಲ್ಲ. ಅವನು ರಾತ್ರಿ ಕದ್ದು ಬಂದು, ಆಕಾಶಕ್ಕೆ ಹೊಡೆದು, ಒರೆಸೋಕೆ ಪುರುಸೊತ್ತಿಲ್ದೆ ಓಡಿದ್ದಾನೆ. ನಾವು ಮೂರು ಜನ ಮಾಡದೇ ಇದ್ದಿದ್ದನ್ನ ಅವನೊಬ್ಬ ಮಾಡಿದ್ದಾನೆ."

'ಬೆಲ್ಗಾನ ಯಾರಾದ್ರೂ ಒರೆಸಿದ್ರಾ?' ಕಂಬಿಯ ಹಿಂದೆ ಬೆನಿಗ್ನೊನನ್ನು ನಿದ್ದೆಗೆಡಿಸಿದ್ದು ಅದೊಂದೇ ಚಿಂತೆ. ಹಡೆದ ಅಪ್ಪನ ಕೋವಿಯನ್ನು ಕೊಳಕಾಗಿ ಬಿಟ್ಟುಬಂದೆನಲ್ಲ ಎಂದು.

ತೋಟಾ ಎದೆಲ್ಮಿರಾಳ ಅಂಗೈಯಲ್ಲಿ ಕೆಂಡವಾಯಿತು. ಬೆನಿಗ್ನೊನನ್ನು ಬಿಡಿಸುವ ಹಗ್ಗಕ್ಕೆಂದು ಈ ಗುಂಡಿಗೆ ಇಳಿದಿದ್ದಳು. ಕೈಗೆ ಸಿಕ್ಕಿದ್ದು ಅವನ ಕೊರಳಿಗೇ ಬೀಳಬಹುದಾದ ಹಗ್ಗ. ಅವನು ಬೆಲ್ಗಾಳನ್ನು ಮುಟ್ಟಿದ್ದಕ್ಕೆ ಹೆಸರು ಸಮೇತ ಪುರಾವೆ. ಮುಟ್ಟಿದ್ದು ಕೊಲೆಯಾದ ಮೇಲೆ ಎಂದು ಹೇಳಬಲ್ಲವಳು ಒಬ್ಬಳೇ. ಅವಳು ಟ್ರ್ಯಾಕ್ಟರಿನ ಮೇಲಿದ್ದಾಳೆ.

"ಕೊಮಿಸಾರಿಯಾ," ಎಂದ ಎಲ್ವಿಯೊ. ಪೀಪಾಯಿ ಹತ್ತಿದವನು ಗವಾಕ್ಷಿಯಾಚೆ ಬೆರಳು ತೋರಿಸುತ್ತಿದ್ದ.

ಈ ಸೀಮೆಯ ನೆಲ ಎಷ್ಟು ಚಪ್ಪಟೆಯೆಂದರೆ ನಾಳೆ ಬರುವ ನೆಂಟ ಇವತ್ತೇ ಕಾಣುತ್ತಾನೆ. ಗೇಟಿನಾಚೆಯ ರಾಜಧಾನಿ ರಸ್ತೆಯಲ್ಲಿ ಟ್ರ್ಯಾಕ್ಟರಿನ ಧೂಳು ಊರಿನ ಕಡೆ ಹೋಗುತ್ತಿತ್ತು. ಊರಿನ ಕಡೆಯಿಂದ ಇನ್ನೊಂದು ಧೂಳು ಬರುತ್ತಿತ್ತು. ನೀಲಿ ಬಣ್ಣ, ಹಿಂದೆ ಜಾಲರಿ. ಜೈಲುಗಾಡಿ.

"ಅಮ್ಮಾ! ಅವನು ಕೊಂದಿಲ್ಲ! ಅಮ್ಮಾ!"

ಎಲ್ವಿಯೊನ ಕೂಗಿಗೆ ಮರದ ಗಿಳಿಗಳೆಲ್ಲ ಎದ್ದವು. ಮುದುಕಿಗೆ ಕೇಳಲಿಲ್ಲ.

ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ನಿಂತಿತು. ಗಾಡಿ ನಿಂತಿತು. ದೋನ್ಯಾ ತೆರೆಸಿನಾ ಇಳಿದಳು, ಗಂಟು ಕಂಕುಳಲ್ಲಿ. ಕಾವಲಿನ ಇಬ್ಬರು ಹುಡುಗರೂ ಅವಳ ಕೈಯ ರಾವಿಯೋಲಿ ತಿಂದು ಬೆಳೆದವರು. ಇಬ್ಬರೂ ಟೋಪಿ ತೆಗೆದರು, ಯಾರೂ ತಡೆಯಲಿಲ್ಲ. ಅವಳು ಏನೋ ಹೇಳಿದಳು. ಒಬ್ಬ ಹೋಗಿ ಹಿಂಬದಿಯ ಬಾಗಿಲು ತೆಗೆದ. ಕೈಗೆ ಬೇಡಿ ಹಾಕಿಸಿಕೊಂಡ ಬೆನಿಗ್ನೊ ಅಂಚಿಗೆ ಬಂದು ಕೂತ.

"ಎಲ್ವಿಯೊ, ಬೆಲ್ಗಾ ಖಾಲಿ ತಾನೇ? ಖಾಲಿ ಅನ್ನಿ."

"ಗಾಜಿನ ಪೆಟ್ಟಿಗೇಲಿ ನಮ್ಮ ಮೂವರ ತೋಟಾ ಇರ್ಬೇಕಿತ್ತು. ಇವತ್ತು ಊಟಕ್ಕೆ ಮುಂಚೆ ನೋಡಿದೆ, ಎರಡೇ ಇತ್ತು."

"ಯಾರದ್ದಿಲ್ಲ?"

"ನಂದು."

ದೂರದಲ್ಲಿ ಕಸೂತಿಯ ಮೇಜುಬಟ್ಟೆ ಬಿಚ್ಚಿಕೊಂಡು, ಬಿಸಿಗಾಳಿಗೆ ಬೆಳ್ಳಗೆ ಒಮ್ಮೆ ಹಾರಿ, ರಸ್ತೆಯ ಧೂಳಿನಲ್ಲಿ ಬಿತ್ತು. ಮುದುಕಿ ಎರಡೂ ಕೈಯಲ್ಲಿ ಬೆಲ್ಗಾಳನ್ನು ಎತ್ತಿ ಗಂಡನ ನಾಲ್ಕನೆಯ ಮಗನ ಕಡೆ ಚಾಚಿದಳು.

ಎದೆಲ್ಮಿರಾ ಮುಖವನ್ನು ಸರಳಿಗೆ ಒತ್ತಿದಳು. ಕಬ್ಬಿಣ ಕೆನ್ನೆಗೆ ಕೊರೆಯಿತು. ಟ್ರ್ಯಾಕ್ಟರ್ ಕಂಡಿತು, ಗಾಡಿ ಕಂಡಿತು, ಬೇಡಿ ಬಿಸಿಲಿಗೆ ಮಿಂಚಿದ್ದೂ ಕಂಡಿತು.

ಬೆನಿಗ್ನೊನ ಎದೆಗೆ ತಿರುಗಿದ್ದು ಬೆಲ್ಗಾಳ ಹಿಡಿಯೋ, ಬಾಯೋ ಎಂಬುದು ಮಾತ್ರ ಕಾಣಲಿಲ್ಲ.